ರಿಪೋರ್ಟಿನಲ್ಲಿ ಇ.ಎಸ್.ಆರ್., ಸಿ.ಆರ್.ಪಿ. ಹೆಚ್ಚಿದೆಯೇ? ಗಾಬರಿ ಬೇಡ, ಅಲಕ್ಷ್ಯವೂ ಬೇಡ

ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಮೊದಲು ಹೋಗುವುದು ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿಯ ಮೇಲೆ. ಹೊರರೋಗಿ ವಿಭಾಗದಲ್ಲಿ ಚೀಟಿ ಹಿಡಿದು ಕುಳಿತವರು, ಪಕ್ಕದಲ್ಲಿ ಹಾದುಹೋಗುವ ನಮ್ಮನ್ನೇ ನಿಲ್ಲಿಸಿ ಕೇಳುತ್ತಾರೆ: “ಸಿಸ್ಟರ್, ಇ.ಎಸ್.ಆರ್. ಐವತ್ತು ಬಂದೈತ್ರಿ. ನನಗೇನ ಆಗೈತಿ?” ಕೆಲವರು “ರಕ್ತ ಕೆಟ್ಟೈತೇನ್ರಿ?” ಎನ್ನುತ್ತಾರೆ. ಮತ್ತೆ ಕೆಲವರು ಏನನ್ನೂ ಕೇಳುವುದಿಲ್ಲ. ಡಾಕ್ಟರನ್ನು ಕಾಣದೆಯೇ ಊರಿಗೆ ಹೋಗಿ, ಅಲ್ಲಿಯ ಔಷಧಿ ಅಂಗಡಿಯಲ್ಲಿ ರಿಪೋರ್ಟ್ ತೋರಿಸಿ ಮಾತ್ರೆ ತೆಗೆದುಕೊಳ್ಳುತ್ತಾರೆ. ನಮಗೆ ಹೆಚ್ಚು ಚಿಂತೆಯಾಗುವುದು ಇವರದ್ದೇ.

ಈ ಎರಡು ಪರೀಕ್ಷೆಗಳು ಹೆಚ್ಚಾಗಿವೆ ಎಂದರೆ ಅದರ ಅರ್ಥವೇನು, ಏನು ಅದರ ಅರ್ಥವಲ್ಲ ಎಂಬುದನ್ನು ಇಲ್ಲಿ ತಿಳಿಸಲು ಪ್ರಯತ್ನಿಸಿದ್ದೇನೆ. 2020–21ರ ಕೊರೋನಾ ಕಾಲದಲ್ಲಿ ಸಿ.ಆರ್.ಪಿ. ಎಂಬ ಹೆಸರು ಹಳ್ಳಿ ಹಳ್ಳಿಗೂ ತಲುಪಿತು. ಹೆಸರು ತಲುಪಿದಷ್ಟು ಅರ್ಥ ತಲುಪಲಿಲ್ಲ.

ಉರಿಯೂತ ಎಂದರೇನು?

ಹೊಲದಲ್ಲಿ ಕಾಲಿಗೆ ಜಾಲಿಮುಳ್ಳು ಚುಚ್ಚಿ, ಅರ್ಧ ಒಳಗೇ ಮುರಿದು ಉಳಿಯಿತು ಎಂದುಕೊಳ್ಳಿ. ಮರುದಿನ ಆ ಜಾಗ ಕೆಂಪಗಾಗುತ್ತದೆ, ಮುಟ್ಟಿದರೆ ಬಿಸಿ ಇರುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಇದೇ ಉರಿಯೂತ. ಉರಿಯೂ ಊತವೂ ಆ ಹೆಸರಿನಲ್ಲೇ ಇವೆ. ಇದು ತಾನಾಗಿ ಒಂದು ರೋಗವಲ್ಲ. ದೇಹವು ತನ್ನನ್ನು ಕಾಪಾಡಿಕೊಳ್ಳಲು ನಡೆಸುವ ಕೆಲಸ. ಆ ಜಾಗಕ್ಕೆ ರಕ್ತ ಹೆಚ್ಚಾಗಿ ಹರಿದು ಬರುತ್ತದೆ, ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ರೋಗಾಣುಗಳಿದ್ದರೆ ಹೋರಾಡುತ್ತವೆ. ಕೆಲವೊಮ್ಮೆ ಯಾವ ರೋಗಾಣುವೂ ಇಲ್ಲದಿದ್ದರೂ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳುವುದುಂಟು. ಕೈಬೆರಳುಗಳ ಗಿಣ್ಣು ಊದಿ, ಬೆಳಗಿನ ಹೊತ್ತು ರೊಟ್ಟಿ ಬಡಿಯಲಾಗದಂತೆ ಕೈ ಬಿಗಿಯುವ ರುಮಟಾಯ್ಡ್ ಸಂಧಿವಾತ ಇಂಥದ್ದು.

ಕಾಲಿನ ಮುಳ್ಳಿನ ಜಾಗ ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದ ಒಳಗೆ, ಬೆನ್ನುಮೂಳೆಯ ಒಳಗೆ, ಮೂತ್ರಪಿಂಡದ ಒಳಗೆ ನಡೆಯುವ ಉರಿಯೂತ ಕಾಣುವುದಿಲ್ಲ. ಆದರೆ ಅದು ಎಲ್ಲಿದ್ದರೂ ರಕ್ತದಲ್ಲಿ ಕೆಲವು ಬದಲಾವಣೆಗಳಾಗುತ್ತವೆ. ಅವುಗಳನ್ನು ಅಳೆಯುವುದೇ ಈ ಪರೀಕ್ಷೆಗಳ ಕೆಲಸ. ದೂರದಿಂದ ಊರಿನ ಮೇಲೆ ಹೊಗೆ ಕಂಡಂತೆ ಎನ್ನಬಹುದು. ಅಡುಗೆ ಒಲೆಯ ಹೊಗೆಯೋ, ಕಸ ಸುಡುತ್ತಿದ್ದಾರೋ, ಬಣವೆಗೆ ಬೆಂಕಿ ಬಿದ್ದಿದೆಯೋ ಎಂಬುದನ್ನು ಹತ್ತಿರ ಹೋಗಿಯೇ ನೋಡಬೇಕು.

ಇ.ಎಸ್.ಆರ್. ನೋಡುವುದು ಹೇಗೆ?

ಮಣ್ಣು ಕದಡಿದ ಹಳ್ಳದ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಸ್ವಲ್ಪ ಹೊತ್ತಿಗೆ ರಾಡಿ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಇ.ಎಸ್.ಆರ್. ಪರೀಕ್ಷೆಯೂ ಹೆಚ್ಚುಕಡಿಮೆ ಇಷ್ಟೇ. ನಾಲ್ಕು ಭಾಗ ರಕ್ತಕ್ಕೆ ಒಂದು ಭಾಗ ಸಿಟ್ರೇಟ್ ದ್ರಾವಣ ಬೆರೆಸಿ, ಹೆಪ್ಪುಗಟ್ಟದಂತೆ ಮಾಡಿ, 200 ಮಿಲಿಮೀಟರ್ ಗುರುತುಗಳಿರುವ ಸಣ್ಣ ಗಾಜಿನ ನಳಿಕೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸುತ್ತಾರೆ. ಸರಿಯಾಗಿ ಒಂದು ಗಂಟೆಯ ನಂತರ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಕೆಳಗೆ ಇಳಿದಿವೆ ಎಂದು ನೋಡುತ್ತಾರೆ. 20 ಮಿ.ಮೀ. ಇಳಿದಿದ್ದರೆ ಇ.ಎಸ್.ಆರ್. 20. ದೊಡ್ಡ ಲ್ಯಾಬುಗಳಲ್ಲಿ ಈಗ ಯಂತ್ರಗಳು ಇದನ್ನು ಬೇಗ ಮುಗಿಸುತ್ತವೆ.

ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಮುಂತಾದ ಪ್ರೋಟೀನುಗಳು ಹೆಚ್ಚಾಗುತ್ತವೆ. ಆಗ ಕೆಂಪುಕಣಗಳು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಅಂಟಿಕೊಳ್ಳುತ್ತವೆ. ಬಿಡಿ ಕಣಕ್ಕಿಂತ ಪೇರಿದ ಕಣಗಳು ಭಾರವಾಗಿರುವುದರಿಂದ ಬೇಗ ಇಳಿಯುತ್ತವೆ, ಅಂಕಿ ಹೆಚ್ಚಾಗುತ್ತದೆ. ನಳಿಕೆ ಸ್ವಲ್ಪ ಓರೆಯಾಗಿದ್ದರೂ ಕಣಗಳು ಬೇಗ ಇಳಿದುಬಿಡುತ್ತವೆ. ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಇದನ್ನು ತೋರಿಸಲು ಒಂದು ನಳಿಕೆಯನ್ನು ಬೇಕೆಂದೇ ಓರೆಯಾಗಿ ನಿಲ್ಲಿಸುತ್ತೇನೆ. ಅದೇ ರಕ್ತ, ಅಂಕಿ ಮಾತ್ರ ಬೇರೆ! ಅಷ್ಟು ಸೂಕ್ಷ್ಮವಾದ ಪರೀಕ್ಷೆ ಇದು. ಆದ್ದರಿಂದ 22 ಇದ್ದದ್ದು 26 ಆಯಿತು ಎಂದು ನಿದ್ದೆಗೆಡಬೇಕಾಗಿಲ್ಲ.

ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ. ಬೆಳಗಿನ ಪೂಜೆ, ಪ್ರಸಾದ ಮುಗಿಸಿಕೊಂಡೇ ಬರಬಹುದು. ಜೊತೆಗೆ ಸಕ್ಕರೆ ಪರೀಕ್ಷೆಯನ್ನೂ ಬರೆದಿದ್ದರೆ ಮಾತ್ರ ಕೇಳಿಕೊಂಡು ಬನ್ನಿ.

ಸಿ.ಆರ್.ಪಿ.ಯ ವಿಷಯ

ಇದು ಪಿತ್ತಜನಕಾಂಗ, ಅಂದರೆ ಲಿವರ್ ತಯಾರಿಸುವ ಒಂದು ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ದೇಹಕ್ಕೆ ಸೋಂಕು ತಗುಲಿದ ಅಥವಾ ಪೆಟ್ಟಾದ ಸುಮಾರು 6 ಗಂಟೆಯೊಳಗೆ ಇದು ಏರತೊಡಗುತ್ತದೆ, ಎರಡು ದಿನಗಳ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಕಾರಣ ದೂರವಾದರೆ ಸುಮಾರು 19 ಗಂಟೆಗೊಮ್ಮೆ ಅರ್ಧದಷ್ಟಾಗುತ್ತಾ ಇಳಿಯುತ್ತದೆ. ಇ.ಎಸ್.ಆರ್. ಹಾಗಲ್ಲ. ಅದು ನಿಧಾನವಾಗಿ ಏರಿ, ವಾರಗಟ್ಟಲೆ ನಿಂತು, ನಿಧಾನವಾಗಿ ಇಳಿಯುತ್ತದೆ. ನ್ಯುಮೋನಿಯಾ ವಾಸಿಯಾಗಿ ಮನೆಗೆ ಹೋದವರು ಎರಡು ವಾರದ ನಂತರ ಬಂದಾಗ ಸಿ.ಆರ್.ಪಿ. ಸರಿಯಾಗಿದ್ದು ಇ.ಎಸ್.ಆರ್. ಇನ್ನೂ 45 ಇದ್ದರೆ, ಊಟ ಸೇರುತ್ತಿದ್ದರೆ, ಜ್ವರವಿಲ್ಲದಿದ್ದರೆ, ಸಾಮಾನ್ಯವಾಗಿ ಡಾಕ್ಟರು ಸುಮ್ಮನೆ ಕಾಯುತ್ತಾರೆ. ಕಾಯುವುದೂ ಚಿಕಿತ್ಸೆಯ ಒಂದು ಭಾಗವೇ.

ಸಿ.ಆರ್.ಪಿ. ವಿಷಯದಲ್ಲಿ ಎರಡು ಗೊಂದಲಗಳನ್ನು ಮೇಲಿಂದ ಮೇಲೆ ಕಾಣುತ್ತೇವೆ. ಮೊದಲನೆಯದು ಅಳತೆಯದು. ಕೆಲವು ಲ್ಯಾಬುಗಳು ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ, ಕೆಲವು ಒಂದು ಡೆಸಿಲೀಟರಿಗೆ ಎಷ್ಟು ಎಂದು. ಡೆಸಿಲೀಟರ್ ಎಂದರೆ ಲೀಟರಿನ ಹತ್ತನೇ ಒಂದು ಭಾಗ. ಹಾಗಾಗಿ ಒಂದು ಕಡೆ 24, ಇನ್ನೊಂದು ಕಡೆ 2.4 ಎಂದಿದ್ದರೆ ಎರಡೂ ಒಂದೇ. “ಹತ್ತು ಪಟ್ಟು ಇಳಿದೈತಿ” ಎಂದು ಸಂತೋಷದಿಂದ ಮಾತ್ರೆ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ಎಷ್ಟರವರೆಗೆ ಸರಿ ಎಂಬುದೂ ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಕೆಲವರು ಲೀಟರಿಗೆ 5 ಮಿಲಿಗ್ರಾಂ, ಕೆಲವರು 6, ಕೆಲವರು 10 ಎಂದು ಅಚ್ಚು ಮಾಡಿರುತ್ತಾರೆ. ನಿಮ್ಮ ಅಂಕಿಯ ಪಕ್ಕದಲ್ಲಿರುವ ಮಿತಿಯನ್ನೇ ನೋಡಬೇಕು, ನೆರೆಯವರ ರಿಪೋರ್ಟಿನದನ್ನಲ್ಲ.

ಎರಡನೆಯದು ‘ಪಾಸಿಟಿವ್’ ಎಂಬ ಮಾತು. ಸಣ್ಣ ಲ್ಯಾಬುಗಳಲ್ಲಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಬೆರೆಸಿ, ಕಣಕಣವಾಗಿ ಗಂಟು ಕಟ್ಟಿದರೆ ‘ಸಿ.ಆರ್.ಪಿ. ಪಾಸಿಟಿವ್’ ಎಂದು ಬರೆದುಕೊಡುತ್ತಾರೆ. ಮಿತಿಗಿಂತ ಹೆಚ್ಚಿದೆ ಎಂದಷ್ಟೇ ಇದರ ಅರ್ಥ. ಆ ಪದವನ್ನು ನೋಡಿ ಏಡ್ಸ್ ಎಂದು ತಿಳಿದು, ಮೂಲೆಯಲ್ಲಿ ಕುಳಿತು ಅತ್ತ ತಾಯಿಯೊಬ್ಬರನ್ನು ಸಮಾಧಾನಪಡಿಸಲು ನಮಗೆ ಅರ್ಧ ದಿನ ಹಿಡಿಯಿತು.

ಹೃದಯದ ತಪಾಸಣೆಯಲ್ಲಿ ‘ಹೈ ಸೆನ್ಸಿಟಿವಿಟಿ’ ಸಿ.ಆರ್.ಪಿ. ಎಂದು ಇನ್ನೊಂದು ಬರುತ್ತದೆ. ಅದೇ ಪ್ರೋಟೀನನ್ನು ಅತಿ ಕಡಿಮೆ ಪ್ರಮಾಣದಲ್ಲೂ ಅಳೆಯುವ ಪರೀಕ್ಷೆ ಅದು. ಅದರ ಮಿತಿಗಳು ಬೇರೆ, ಉದ್ದೇಶ ಬೇರೆ. ಎರಡನ್ನೂ ಹೋಲಿಸಬೇಡಿ.

ರೋಗವಿಲ್ಲದೆಯೂ ಹೆಚ್ಚಾಗಬಹುದೇ?

ಆಗಬಹುದು. ಇ.ಎಸ್.ಆರ್. ವಯಸ್ಸಿನೊಂದಿಗೆ ಏರುತ್ತದೆ. 50 ವರ್ಷದೊಳಗಿನ ಗಂಡಸರಿಗೆ 15, ಹೆಂಗಸರಿಗೆ 20ರವರೆಗೆ, 50 ದಾಟಿದ ಗಂಡಸರಿಗೆ 20, ಹೆಂಗಸರಿಗೆ 30ರವರೆಗೆ ಸಾಮಾನ್ಯವೆಂದು ಹಿಡಿಯುತ್ತಾರೆ. ಇನ್ನೊಂದು ಸುಲಭ ಲೆಕ್ಕವಿದೆ: ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ ಹತ್ತು ಸೇರಿಸಿ ಅದರ ಅರ್ಧ. ಅಂದರೆ 70 ವರ್ಷದ ಅಜ್ಜಿಗೆ 40 ಇದ್ದರೆ ಅದು ಆ ವಯಸ್ಸಿಗೆ ಮೀರಿದ್ದೇನಲ್ಲ. ಬೊಜ್ಜು ಇದ್ದವರಲ್ಲಿ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎರಡೂ ಸ್ವಲ್ಪ ಹೆಚ್ಚಿರಬಹುದು. ಬೀಡಿ ಸಿಗರೇಟು ಸೇದುವವರಲ್ಲಿ, ವಸಡು ಕೆಟ್ಟವರಲ್ಲಿ ಸಿ.ಆರ್.ಪಿ. ತುಸು ಏರಿರುವುದುಂಟು. ಗರ್ಭಿಣಿಯರಲ್ಲಿ ಇ.ಎಸ್.ಆರ್. ಹೆಚ್ಚುವುದು ಸಹಜ. ರಕ್ತಹೀನತೆ ಇದ್ದರೆ ಕೆಂಪುಕಣಗಳು ಕಡಿಮೆ ಇರುವುದರಿಂದ ಬೇಗ ಇಳಿಯುತ್ತವೆ, ಆಗಲೂ ಅಂಕಿ ಏರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ಎಲ್ಲರಿಗೂ ಗೊತ್ತು.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಜಿ.ಎನ್.ಎಂ. ಎರಡನೇ ವರ್ಷದಲ್ಲಿದ್ದಾಗ ರಜೆಗೆ ಊರಿಗೆ ಹೋಗಿದ್ದೆ. ಪಕ್ಕದ ಮನೆಯ ಸೊಸೆ ಏಳು ತಿಂಗಳ ಬಸುರಿ, ಬಹಳ ಸುಸ್ತು. ರಿಪೋರ್ಟ್ ತಂದು ನನ್ನ ಕೈಗೆ ಕೊಟ್ಟರು. ಇ.ಎಸ್.ಆರ್. 48 ಇತ್ತು. ಓದಿದ್ದು ಅರ್ಧ, ಉತ್ಸಾಹ ಪೂರ್ತಿ, “ಇಷ್ಟ ಇದ್ರ ಟಿ.ಬಿ. ಇರಬಹುದು” ಎಂದುಬಿಟ್ಟೆ. ಅದೇ ಕಾಗದದಲ್ಲಿ ಎರಡು ಸಾಲು ಮೇಲೆ ಹಿಮೋಗ್ಲೋಬಿನ್ 8.2 ಎಂದಿದ್ದುದನ್ನು ನೋಡಲೇ ಇಲ್ಲ. ಅಂದಿನಿಂದಲೇ ಅವಳ ತಾಟು, ಲೋಟ, ಹಾಸಿಗೆ ಬೇರೆಯಾದವು. ಮೊದಲ ಮಗುವನ್ನು ಅವಳ ಹತ್ತಿರ ಬಿಡಲಿಲ್ಲ. ಹದಿನೈದು ದಿನಗಳ ಮೇಲೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಪರೀಕ್ಷಿಸಿ, ಟಿ.ಬಿ. ಇಲ್ಲ, ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಆ ಹದಿನೈದು ದಿನಗಳನ್ನು ಅವಳಿಗೆ ನಾನು ಹಿಂದಿರುಗಿಸಲಾರೆ. ಈಗ ತರಗತಿಯಲ್ಲಿ ಇ.ಎಸ್.ಆರ್. ಪಾಠ ಶುರುಮಾಡುವಾಗ ಮೊದಲು ಈ ಸಂಗತಿಯನ್ನೇ ಹೇಳುತ್ತೇನೆ.

ಇ.ಎಸ್.ಆರ್. ಎಂದರೆ ಟಿ.ಬಿ. ಎಂಬ ನಂಬಿಕೆ ಜನರಲ್ಲಿ ಬೇರೂರಿರುವುದಕ್ಕೆ ಹಿನ್ನೆಲೆಯೂ ಇದೆ. ಸ್ವೀಡನ್ನಿನ ವೆಸ್ಟರ್‌ಗ್ರೆನ್ ಎಂಬ ವೈದ್ಯರು 1921ರಲ್ಲಿ ಈ ಪರೀಕ್ಷೆಯ ವಿಧಾನವನ್ನು ಪ್ರಕಟಿಸಿದ್ದೇ ಶ್ವಾಸಕೋಶದ ಕ್ಷಯರೋಗಿಗಳ ಅಧ್ಯಯನದಲ್ಲಿ. ಆದರೆ ಟಿ.ಬಿ. ಇದೆಯೋ ಇಲ್ಲವೋ ಎಂಬುದನ್ನು ಇಂದು ಇ.ಎಸ್.ಆರ್. ನೋಡಿ ತೀರ್ಮಾನಿಸುವುದಿಲ್ಲ. ಕಫದ ಪರೀಕ್ಷೆ, ಸಿ.ಬಿ.ನ್ಯಾಟ್‌ನಂಥ ಯಂತ್ರಪರೀಕ್ಷೆ, ಎದೆಯ ಎಕ್ಸ್‌ರೇ ಬೇಕು.

ಯಾವಾಗ ಅಲಕ್ಷ್ಯ ಮಾಡಬಾರದು?

ಗಾಬರಿ ಬೇಡವೆಂದ ಮಾತ್ರಕ್ಕೆ ರಿಪೋರ್ಟನ್ನು ಟ್ರಂಕಿನಲ್ಲಿಟ್ಟು ಮರೆಯಬಹುದೆಂದಲ್ಲ. ಇ.ಎಸ್.ಆರ್. 100 ದಾಟಿದ್ದರೆ ಬಹುಪಾಲು ಒಳಗೆ ಗಮನಿಸಲೇಬೇಕಾದ ಕಾರಣವಿರುತ್ತದೆ: ಟಿ.ಬಿ. ಅಥವಾ ಬೇರೆ ಸೋಂಕು, ಮೂತ್ರಪಿಂಡದ ಕಾಯಿಲೆ, ಕೀಲು ಮತ್ತು ರಕ್ತನಾಳಗಳ ಉರಿಯೂತ, ಕೆಲವು ಬಗೆಯ ಕ್ಯಾನ್ಸರ್. ಅಂಕಿ ಅಷ್ಟೊಂದು ದೊಡ್ಡದಲ್ಲದಿದ್ದರೂ ಜೊತೆಗೆ ತೂಕ ಇಳಿಯುತ್ತಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ರಾತ್ರಿ ಬೆವರುತ್ತಿದ್ದರೆ, ಎರಡು ವಾರ ದಾಟಿದ ಕೆಮ್ಮಿದ್ದರೆ ತಡ ಮಾಡಬಾರದು.

ನಮ್ಮ ವಾರ್ಡಿಗೆ ಬಂದ ರೈತರೊಬ್ಬರ ವಿಷಯ ಹೇಳಬೇಕು. ವಯಸ್ಸು ನಲವತ್ತರ ಸುಮಾರು, ಐದು ತಿಂಗಳಿಂದ ಬೆನ್ನುನೋವು. ದುಡಿಯುವವರಿಗೆ ಬೆನ್ನುನೋವು ಹೊಸದೇನಲ್ಲ ಎಂದು ಊರಲ್ಲೇ ಸೂಜಿ, ಮಾತ್ರೆ, ಎಣ್ಣೆ ತಿಕ್ಕುವುದು ನಡೆದಿತ್ತು. ಮಧ್ಯೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿದ್ದರು. ಇ.ಎಸ್.ಆರ್. 96. ಕೆಮ್ಮು ಇಲ್ಲ, ಕಫ ಇಲ್ಲ, ಹಾಗಾಗಿ ಯಾರೂ ಅದರ ಹಿಂದೆ ಹೋಗಲಿಲ್ಲ. ಕಾಲುಗಳಲ್ಲಿ ಬಲ ಕಡಿಮೆಯಾಗಿ, ಮಗನ ಹೆಗಲ ಮೇಲೆ ಕೈಹಾಕಿಕೊಂಡು ನಮ್ಮಲ್ಲಿಗೆ ಬಂದರು. ಎಂ.ಆರ್.ಐ. ಮಾಡಿಸಿ, ಮೂಳೆಯ ಚೂರು ತೆಗೆದು ಪರೀಕ್ಷಿಸಿದಾಗ ಬೆನ್ನುಮೂಳೆಯ ಟಿ.ಬಿ. ಎಂದು ತಿಳಿಯಿತು. ಟಿ.ಬಿ. ಎಂದರೆ ಕೆಮ್ಮಲೇಬೇಕೆಂದಿಲ್ಲ. ವರ್ಷ ದಾಟಿ ಮಾತ್ರೆ ನುಂಗಿದರು. ಈಗ ನಡೆಯುತ್ತಾರೆ, ಆದರೆ ಕೋಲು ಬೇಕು. ಆ ರಿಪೋರ್ಟ್ ಬಂದ ವಾರವೇ ಬಂದಿದ್ದರೆ ಎಂದು ಅವರ ಹೆಂಡತಿ ನನ್ನನ್ನು ಕೇಳಿದ್ದರು. ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ವಿಶ್ರಾಂತಿ ಪಡೆದರೂ, ರಾತ್ರಿ ಮಲಗಿದರೂ ಕಡಿಮೆಯಾಗದ ಬೆನ್ನುನೋವಿನ ಜೊತೆ ಇ.ಎಸ್.ಆರ್. ಹೆಚ್ಚಿದ್ದರೆ ಅದನ್ನು ಬರೀ ‘ದುಡಿಮೆಯ ನೋವು’ ಎಂದು ಬಿಡಬೇಡಿ. ಟಿ.ಬಿ. ಎಂದೇ ತಿಳಿದುಬಂದರೂ ಎದೆಗುಂದಬೇಕಾಗಿಲ್ಲ. ಪರೀಕ್ಷೆ ಮತ್ತು ಔಷಧಿ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಆರಂಭವಾದ ಪೌಷ್ಟಿಕ ಆಹಾರದ ನೆರವನ್ನು 2024ರ ನವೆಂಬರ್‌ನಿಂದ 1000 ರೂಪಾಯಿಗೆ ಏರಿಸಲಾಗಿದೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ.

ಮಕ್ಕಳ ವಿಷಯದಲ್ಲಿ ಒಂದು ಮಾತು

5ರಿಂದ 15 ವರ್ಷದ ಮಗುವಿಗೆ ಗಂಟಲುನೋವು ಬಂದುಹೋಗಿ ಎರಡು ಮೂರು ವಾರದಲ್ಲಿ ಜ್ವರ, ಇಂದು ಮೊಣಕಾಲು ನಾಳೆ ಹರಡು ಎಂಬಂತೆ ಕೀಲುಗಳಲ್ಲಿ ಊತ ಬಂದರೆ, ಇ.ಎಸ್.ಆರ್. ಅಥವಾ ಸಿ.ಆರ್.ಪಿ. ಹೆಚ್ಚಿದ್ದರೆ, ಅದು ರುಮ್ಯಾಟಿಕ್ ಜ್ವರ ಇರಬಹುದು. ಕೀಲುನೋವು ತಾನಾಗಿ ಹೋಗುತ್ತದೆ, ಆದರೆ ಹೃದಯದ ಕವಾಟಗಳು ಕೆಡಬಹುದು. ಇಂಥ ಮಕ್ಕಳಿಗೆ 21 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಕೊಡಬೇಕಾಗುತ್ತದೆ. ತಾಯಂದಿರೇ, ಇಲ್ಲೊಂದು ತಪ್ಪು ಆಗುತ್ತದೆ. ಇ.ಎಸ್.ಆರ್. ನಾರ್ಮಲ್ ಬಂತು, ಮಗು ಆಡುತ್ತಿದೆ, ಇನ್ನೇಕೆ ಸೂಜಿ ಎಂದು ನಿಲ್ಲಿಸುತ್ತೀರಿ. ಆ ಇಂಜೆಕ್ಷನ್ ಕೊಡುವುದು ಇ.ಎಸ್.ಆರ್. ಇಳಿಸಲು ಅಲ್ಲ, ರೋಗ ಮತ್ತೆ ಮರುಕಳಿಸದಿರಲಿ ಎಂದು. ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ.

ಅಂಕಿ ಇಳಿಸುವ ಮಾತ್ರೆ ಕೊಡಿ ಎನ್ನುವವರಿಗೆ

ಅಂಥ ಮಾತ್ರೆಯನ್ನು ನಾವು ಕೊಡುವುದಿಲ್ಲ. ಕಾರಣಕ್ಕೆ ಚಿಕಿತ್ಸೆ ಕೊಟ್ಟರೆ ಅಂಕಿ ತಾನೇ ಇಳಿಯುತ್ತದೆ. ಸ್ಟೀರಾಯ್ಡ್ ಮಾತ್ರೆಗಳು ಅಂಕಿಯನ್ನು ಇಳಿಸುತ್ತವೆ ನಿಜ, ನೋವೂ ಮಾಯವಾದಂತೆ ಅನಿಸುತ್ತದೆ. ಹಸಿವು ಹೆಚ್ಚುತ್ತದೆ, ಮುಖ ದುಂಡಗಾಗುತ್ತದೆ, ಮನೆಯವರು “ಔಷಧ ಹತ್ತೇತಿ” ಎನ್ನುತ್ತಾರೆ. ಆದರೆ ಒಳಗೆ ಟಿ.ಬಿ. ಅಥವಾ ಬೇರೆ ಸೋಂಕು ಇದ್ದರೆ ಅದು ಆ ಮರೆಯಲ್ಲಿ ಬೆಳೆಯುತ್ತದೆ. ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೈಯಳತೆಯಲ್ಲಿ ಕೊಡುವ ಬಿಡಿ ಮಾತ್ರೆ, ಹೆಸರು ಬರೆಯದ ಪೊಟ್ಟಣದ ಪುಡಿ ಇವುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು. ಈಗಾಗಲೇ ಬಹಳ ದಿನ ತೆಗೆದುಕೊಂಡಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ಆ ಪೊಟ್ಟಣವನ್ನು ತಂದು ಡಾಕ್ಟರಿಗೆ ತೋರಿಸಿ. ಯಾರೂ ನಿಮ್ಮನ್ನು ಬೈಯುವುದಿಲ್ಲ. ಸಂಧಿವಾತ ಮುಂತಾದ ಕೆಲವು ಕಾಯಿಲೆಗಳಿಗೆ ಡಾಕ್ಟರೇ ಅಳತೆಯಲ್ಲಿ ಸ್ಟೀರಾಯ್ಡ್ ಬರೆಯುತ್ತಾರೆ, ಅದು ಬೇರೆ ಮಾತು.

ಆ್ಯಂಟಿಬಯಾಟಿಕ್ ಮಾತ್ರೆಗಳಿಗೂ ಇದೇ ಮಾತು. ಸಿ.ಆರ್.ಪಿ. ಹೆಚ್ಚಿದ ಮಾತ್ರಕ್ಕೆ ಅವು ಬೇಕೆಂದಿಲ್ಲ. ಪೆಟ್ಟಾಗಿದ್ದರೂ, ಆಪರೇಷನ್ ಆಗಿದ್ದರೂ ಸಿ.ಆರ್.ಪಿ. ಏರಿರುತ್ತದೆ.

ರಿಪೋರ್ಟ್ ನಾರ್ಮಲ್ ಬಂದರೆ ಕಾಯಿಲೆಯೇ ಇಲ್ಲವೇ ಎಂದು ಕೇಳುವವರಿದ್ದಾರೆ. ಹಾಗೂ ಹೇಳಲಾಗದು. ಮೊಣಕಾಲಿನ ಸವಕಳಿಯ ನೋವಿನಲ್ಲಿ ಎರಡೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಲೂಪಸ್ ಎಂಬ ಕಾಯಿಲೆಯಲ್ಲಿ ಇ.ಎಸ್.ಆರ್. ಬಹಳ ಏರಿದ್ದು ಸಿ.ಆರ್.ಪಿ. ಸರಿ ಇರುವುದುಂಟು. ನೋವು, ಜ್ವರ ಇದ್ದರೆ ರಿಪೋರ್ಟ್ ಏನೇ ಹೇಳಲಿ, ತೋರಿಸಿಕೊಳ್ಳಿ.

ಡಾಕ್ಟರ ಬಳಿ ಬರುವಾಗ

ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ತನ್ನಿ. ಒಂದು ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಡಾಕ್ಟರಿಗೆ ಹೆಚ್ಚು ಉಪಯೋಗ. ಮರುಪರೀಕ್ಷೆಯನ್ನು ಸಾಧ್ಯವಾದಷ್ಟು ಅದೇ ಲ್ಯಾಬಿನಲ್ಲಿ ಮಾಡಿಸಿ, ಹೇಳಿದ ದಿನಕ್ಕಿಂತ ಮೊದಲೇ ಅವಸರದಿಂದ ಮಾಡಿಸಿ ಹಣ ಕಳೆಯಬೇಡಿ. ಬಸುರಿ ಇದ್ದರೆ, ಇತ್ತೀಚೆಗೆ ಜ್ವರ, ಹಲ್ಲುನೋವು, ಗಾಯ, ಆಪರೇಷನ್ ಆಗಿದ್ದರೆ ಕೇಳುವ ಮೊದಲೇ ಹೇಳಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಇಲ್ಲವೇ ಖಾಲಿ ಹಾಳೆಗಳನ್ನಾದರೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಹೇಳಿಕೊಳ್ಳಲು ಸಂಕೋಚವಾದರೆ ಮೊದಲು ನಮ್ಮ ಸಿಸ್ಟರುಗಳ ಹತ್ತಿರ ಹೇಳಿ, ನಾವು ಡಾಕ್ಟರಿಗೆ ತಿಳಿಸುತ್ತೇವೆ.

ಚಳಿ ನಡುಗಿ ಜ್ವರ ಬಂದು ಉಸಿರು ಹತ್ತುತ್ತಿದ್ದರೆ, ಮಾತು ತಡವರಿಸಿ ಗಲಿಬಿಲಿಯಾಗುತ್ತಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಹಸುಗೂಸು ಹಾಲು ಬಿಟ್ಟಿದ್ದರೆ, ಬೆನ್ನುನೋವಿನ ಜೊತೆ ಕಾಲು ಸೋಲುತ್ತಿದ್ದರೆ, 50 ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾಗಿ ಕಣ್ಣು ಮಂಜಾಗುತ್ತಿದ್ದರೆ ರಿಪೋರ್ಟಿಗಾಗಿ ಕಾಯಬೇಡಿ. ಹೊರರೋಗಿ ವಿಭಾಗದ ಸಾಲಿನಲ್ಲಿಯೂ ನಿಲ್ಲಬೇಡಿ. ಹಗಲಿರಲಿ ರಾತ್ರಿಯಿರಲಿ, ನೇರವಾಗಿ ತುರ್ತು ವಿಭಾಗಕ್ಕೆ ಬನ್ನಿ.